ತೂಕದ ಮೆಷಿನ್‌ನ ಹೊಸ ಡ್ರೈವರ್ ಬಗ್ಗೆ

ಗ್ರಾಹಕ ಮಿತ್ರರೇ,

ತೂಕದ ಮೆಷಿನ್ನನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸುವ ನಮ್ಮ ತಂತ್ರಾಂಶ, ಅಂದರೆ ಡ್ರೈವರ್, ಬದಲಾಗಿದೆ. ಯುಎಸ್‌ಬಿ ಕೇಬಲ್ ಕಳಚಿಕೊಂಡರೆ ಇನ್ನು ಮುಂದೆ ಡ್ರೈವರ್ ನಿಮ್ಮ ಬಿಲ್ಲಿಂಗ್ ತಂತ್ರಾಂಶಕ್ಕೆ ‘ಸಾಧನ ಇಲ್ಲ’ ಎಂಬ 19ನೇ ನಂಬರಿನ ಎರರ್ ಕೊಟ್ಟು ನಿಂತುಬಿಡುತ್ತದೆ. ಕೇಬಲ್ ಮತ್ತೆ ಸಿಕ್ಕಿಸಿದ ಮೇಲೆ ತಂತ್ರಾಂಶದಲ್ಲಿ ಮೆಷಿನ್ನಿನ ಸಂಪರ್ಕ ಮುಚ್ಚಿ ತೆರೆಯಬೇಕು. ಇದನ್ನು ಮೊದಲೇ ತಿಳಿಸದೆ ಅಪ್‌ಡೇಟ್ ಕಳಿಸಿದ್ದು ನಮ್ಮದೇ ತಪ್ಪು, ಕ್ಷಮೆಯಿರಲಿ.

ಆದರೆ ‘ಹಳೇ ಡ್ರೈವರ್‌ನಲ್ಲಿ ಎರರ್ರೇ ಬರ್ತಿರಲಿಲ್ಲ’ ಅನ್ನುವ ಮಾತಿದೆಯಲ್ಲ, ಅದನ್ನು ಮಾತ್ರ ಒಪ್ಪಲಾರೆವು. ಬರುತ್ತಿತ್ತು, ನಿಮಗೆ ಹೇಳುತ್ತಿರಲಿಲ್ಲ ಅಷ್ಟೆ. ಕೇಬಲ್ ಕಿತ್ತ ಕ್ಷಣಕ್ಕೇ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ವಿಷಯ ಗೊತ್ತಾಗುವುದಿಲ್ಲ. ಪೋರ್ಟ್ ಖಾಲಿಯಾಯಿತೆಂದು ಪೋರ್ಟುಗಳನ್ನು ನೋಡಿಕೊಳ್ಳುವ ಹಬ್ ಹೇಳಬೇಕು, ಅದಕ್ಕೆ ಕಾಲು ಸೆಕೆಂಡಿನಷ್ಟು ಹಿಡಿಯಬಹುದು. ಆ ನಡುವೆ ಕಳಿಸಿದ ಯುಆರ್‌ಬಿಗಳು (ಮೆಷಿನ್ನಿಗೆ ಡ್ರೈವರ್ ಕಳಿಸುವ ಕೋರಿಕೆಗಳು) ಮೈನಸ್ 71 ಎಂಬ ಎರರ್ ಹೊತ್ತು ವಾಪಸು ಬರುತ್ತವೆ. ಹಳೆಯ ಡ್ರೈವರ್ ಅದನ್ನು ಕೇಬಲ್ಲಿನ ಗಲಾಟೆ ಅಂದುಕೊಂಡು ಮರುಕ್ಷಣವೇ ಮತ್ತೆ ಕಳಿಸುತ್ತಿತ್ತು. ಕಂಪ್ಯೂಟರ್ ನಡೆದದ್ದನ್ನು ಬರೆದಿಡುವ ಲಾಗ್‌ನಲ್ಲಿ ಒಂದೇ ಸಾಲು ಪುಟಗಟ್ಟಲೆ. ಅತ್ತ ಮೆಷಿನ್ನಿನ ಕೇಬಲ್ ನೆಲದ ಮೇಲೆ ಬಿದ್ದಿದೆ, ಇತ್ತ ಪರದೆಯ ಮೇಲೆ ಹಿಂದಿನ ಗಿರಾಕಿಯ ತೂಕ ಅಲುಗಾಡದೆ ನಿಂತಿದೆ! ಅದೇ ತೂಕಕ್ಕೆ ಬಿಲ್ ಹರಿದರೆ ಬೈಗುಳ ಯಾರಿಗೆ?

ಹೊಸ ಡ್ರೈವರ್ ಮೈನಸ್ 71 ಬಂದರೆ ಮೂರು ಸಲ, ಪ್ರತಿ ಸಲ ಹೆಚ್ಚು ಬಿಡುವು ಕೊಟ್ಟು, ಪ್ರಯತ್ನಿಸುತ್ತದೆ. ಕರ್ನಲ್ ಡಿಸ್ಕನೆಕ್ಟ್ ಎಂದೊಡನೆ ಬಾಕಿ ಯುಆರ್‌ಬಿಗಳನ್ನೆಲ್ಲ ರದ್ದು ಮಾಡುತ್ತದೆ. ತಂತ್ರಾಂಶ ಸಂಪರ್ಕ ಮುಚ್ಚುವ ತನಕ ಮೆಮೊರಿ ಬಿಡುವುದಿಲ್ಲ. ಹಿಂದೆ ಕೇಬಲ್ ಕಿತ್ತಾಗ ಕೆಲವರ ಕಂಪ್ಯೂಟರೇ ಸ್ತಬ್ಧವಾದದ್ದು ಆ ಮೆಮೊರಿಯನ್ನು ಅವಸರದಲ್ಲಿ ಬಿಟ್ಟದ್ದರಿಂದ. ಆ ಕೋಡ್ ಬರೆದವರೂ ನಾವೇ, ಈಗ ಸರಿಮಾಡಿದವರೂ ನಾವೇ.

ಇನ್ನು ಖರ್ಚಿನ ಮಾತು. ‘ಡಿಸ್ಕನೆಕ್ಟ್ ಆಗ್ತಿದೆ’ ಎಂದು ವಾಪಸು ಬಂದ ಮೆಷಿನ್ನುಗಳನ್ನು ಎರಡೂ ಕಡೆಯ ಸಾಗಣೆ ನಾವೇ ಕೊಟ್ಟು ತರಿಸಿ ಬಿಚ್ಚಿದೆವು. ಹೆಚ್ಚಿನವುಗಳಲ್ಲಿ ಏನೂ ಆಗಿರಲಿಲ್ಲ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಬಾರದು. ಎರಡು ಕೇಬಲ್ ಗಂಟು ಹಾಕಿ ಗೋಡೆಯಾಚೆ ಎಳೆದರೆ ಡ್ರೈವರ್ ಏನು ಮಾಡೀತು? ಸ್ವಂತ ಅಡಾಪ್ಟರ್ ಇಲ್ಲದ ಹಬ್ ಒಂದು ಪೋರ್ಟಿಗೆ ಕೊಡಬೇಕಾದದ್ದು 100 ಮಿಲಿಆಂಪ್ ಮಾತ್ರ, ನಮ್ಮ ಮೆಷಿನ್‌ಗೆ ಅದು ಸಾಲದು. ದಯವಿಟ್ಟು ನೇರ ಕಂಪ್ಯೂಟರಿಗೇ ಸಿಕ್ಕಿಸಿ ನೋಡಿ.

ಆಮೇಲೂ ತೊಂದರೆಯಾದರೆ ಲಾಗ್‌ನ ಕೊನೆಯ ನೂರು ಸಾಲು ಕಳಿಸಿ. ಡ್ರೈವರ್ ಬರೆದವರೇ ಕೂತು ಓದುತ್ತಾರೆ, ನಮ್ಮಲ್ಲಿ ಬೇರೆ ಜನವೂ ಇಲ್ಲ.

ಇಂತಿ,
ನಿಮ್ಮ ಡ್ರೈವರ್ ವಿಭಾಗದವರು