ಹೊಳೆಯಂಚಿನ ಅಪ್ಪೆಮಾವಿನ ಮರದ ಬಗ್ಗೆ

ಮಾಣೀ,

ಉಳಿದ ಸುದ್ದಿಗೆಲ್ಲ ಉತ್ತರ ಆಮೇಲೆ. "ಹೊಳೆಯಂಚಿನ ಅಪ್ಪೆ ಈ ಮಳೆಗಾಲ ದಾಟಲಿಕ್ಕಿಲ್ಲ, ಆ ಜೀರಿಗೆ ಪರಿಮಳ ನನ್ನ ಕಾಲಕ್ಕೇ ಮುಗಿಯಿತೇನೋ ಅತ್ತೆ" ಅಂತ ಬರೆದೆಯಲ್ಲ, ಆ ಒಂದು ಸಾಲು ನನ್ನ ನಿದ್ದೆ ಕೆಡಿಸಿತು.

ಅದರ ವಾಟೆ (ಗೊರಟು) ಹಾಕಿ ಸಸಿ ಎಬ್ಬಿಸಿದ್ದೇನೆ ಅಂದಿದ್ದೀಯ. ಅದನ್ನು ಓದಿ ಇನ್ನಷ್ಟು ಕಳವಳ. ಹಿತ್ತಿಲ ಮರ ಗಾಳಿಗೆ ಬಿದ್ದಾಗ ನಿನ್ನ ಅಜ್ಜನೂ ಹೀಗೇ ಮಾಡಿದ್ದರು. ಸಸಿ ಎದ್ದವು, ಮರವಾದವು, ಕಾಯಿಯೂ ಬಿಟ್ಟವು. ಒಂದರಲ್ಲೂ ತಾಯಿಮರದ ಘಮ ಇರಲಿಲ್ಲ. ಯಾವ ಮರದ ಪರಾಗ ಬಂದು ಸೇರಿತ್ತೋ! ಅಮ್ಮ ಪ್ರತಿ ವರ್ಷ ಒಂದು ಮಿಡಿ ಮುರಿದು, ಸೊನೆ ಮೂಸಿ, ಮಾತಾಡದೆ ಬುಟ್ಟಿಗೆ ಹಾಕುತ್ತಿದ್ದಳು. ಏನನ್ನಿಸುತ್ತದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಘಮ ಉಳಿಯಬೇಕಾದರೆ ತಾಯಿಮರದ ಕಡ್ಡಿಯನ್ನೇ ಸಸಿಗೆ ಸೇರಿಸಿ ಕಸಿ ಕಟ್ಟಬೇಕು. ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ ಪಕ್ಕದ ಮನೆಯ ಮರಾಠಿ ಬಾಯಿ ಕಸಿಗಿಡಕ್ಕೆ 'ಕಲಮ್' ಅನ್ನುವುದನ್ನು ಕೇಳಿದೆ. ಬರೆಯುವ ಲೇಖನಿಗೂ ಅದೇ ಹೆಸರು! ಅರಬ್ಬಿಯಿಂದ ಬಂದ ಮಾತು. ಅದಕ್ಕೂ ಹಿಂದೆ ಗ್ರೀಕಿನ 'ಕಾಲಮೋಸ್', ಅಂದರೆ ಜೊಂಡು. ಜೊಂಡನ್ನು ಓರೆಯಾಗಿ ಕೊಯ್ದು ಬರೆಯುತ್ತಿದ್ದರಲ್ಲ, ಕಸಿಕಡ್ಡಿಯನ್ನು ಕೊಯ್ಯುವುದೂ ಹಾಗೇ. ಇಂಗ್ಲಿಷಿನ 'ಗ್ರಾಫ್ಟ್' ಕೂಡ ಗ್ರೀಕರ ಬರೆಯುವ ಕಡ್ಡಿಯ ಹೆಸರಿನಿಂದಲೇ ಹುಟ್ಟಿದ್ದು. ನಾನೋ, ಚಿಕ್ಕವಳಿದ್ದಾಗ ಕಸಿದುಕೊಳ್ಳುವುದೇ ಕಸಿ ಅಂದುಕೊಂಡು ಮರಕ್ಕಾಗಿ ಮರುಗಿದವಳು.

ಮುಗಿಯಿತೇನೋ ಅಂದೆಯಲ್ಲ, ಅನಂತಭಟ್ಟನ ಅಪ್ಪೆ ಅನ್ನುವ ಮಿಡಿಮಾವಿನ ತಳಿ ಈಗ ಎಷ್ಟು ತೋಟಗಳಲ್ಲಿಲ್ಲ! ಮೂಲದ ಮರವನ್ನು ಕಣ್ಣಾರೆ ಕಂಡವರು ಎಷ್ಟು ಜನ? ಕಡ್ಡಿಯಿಂದ ಕಡ್ಡಿಗೆ ಪರಿಮಳ ದಾಟಿ ಬಂತು. ಹಾಗಂತ ನಿನ್ನ ಹೆದರಿಕೆ ಸುಳ್ಳು ಅನ್ನಲಾರೆ. ಕಡ್ಡಿ ತೆಗೆಯುವ ಮೊದಲೇ ಮರ ಉರುಳಿದರೆ ಏನು ಗತಿ ಅಂತ ನನಗೂ ಹೆದರಿಕೆಯೇ.

ನನಗೆಷ್ಟು ಗೊತ್ತು, ನರ್ಸರಿಯವರನ್ನು ಕೇಳು. ಪೆನ್ಸಿಲ್ ದಪ್ಪದ, 3-4 ತಿಂಗಳು ಬಲಿತ ತುದಿಕಡ್ಡಿ ಆಗಬೇಕು. ವಾರ ಮೊದಲೇ ಎಲೆ ಸವರಿ ತೊಟ್ಟು ಮಾತ್ರ ಬಿಡು, ಮೊಗ್ಗು ಉಬ್ಬಿದಾಗ ಕೊಯ್ಯುವುದು. ನಿನ್ನ ವಾಟೆಸಸಿಗಳೂ ದಂಡವಲ್ಲ, ಕಸಿಗೆ ಅವೇ ಬುಡವಾಗುತ್ತವೆ. ಬೆಸುಗೆಯ ಕೆಳಗೆ ಬರುವ ಚಿಗುರನ್ನು ಮಾತ್ರ ಚಿವುಟುತ್ತಿರು. ಬಿಟ್ಟರೆ ಅದೇ ಮೇಲೇರಿ ಕಸಿಯನ್ನು ಕೊಲ್ಲುತ್ತದೆ.

ನಾಲ್ಕು ಕಡ್ಡಿ ಬೇರೆಯವರ ತೋಟಕ್ಕೂ ಕೊಡು, ಜಿಪುಣತನ ಬೇಡ. ನಮ್ಮಲ್ಲಿ ಮಾತ್ರ ಇದ್ದರೆ ಮುಂದೆ ನಿನ್ನ ಮಗನೂ ಯಾರಿಗೋ ಇದೇ ಸಾಲು ಬರೆಯುತ್ತಾನೆ. ಹೊಳೆ ಏರಿದ್ದರೆ ಮರ ಹತ್ತಬೇಡ, ಆಳು ಸಿಗುವವರೆಗೆ ಕಾಯು.

ನಿನ್ನ ಅತ್ತೆ