ದೋಸ್ತ, 15 ಕೆಜಿ ಕೋಳಿ ಹೇಳಬೇಡ

ದೋಸ್ತ,

ನಿನ್ನ ಮೆಸೇಜು ಬೆಳಿಗ್ಗೆ ಚಹಾ ಕುಡಿಯುವಾಗ ನೋಡಿದೆ. ಕಲಬುರಗಿ ಹತ್ತಿರದ ಕಮಲಾಪುರದ ನಿಮ್ಮ ಹೊಲದಲ್ಲಿ ಬಾರ್ಬೆಕ್ಯೂ, 40 ಮಂದಿ, "15 ಕೆಜಿ ಕೋಳಿ ಹೇಳಿಬಿಡ್ಲಾ?" ಅಂತ ಕೇಳಿದ್ದೀಯ. ಹೇಳಬೇಡ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಹಾಗೆ ಲೆಕ್ಕ ತಪ್ಪುವವರು ಇನ್ನೂ ಇರ್ತಾರೆ, ಅದಕ್ಕೆ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಬೇಜಾರಾಗಬೇಡ.

ಹೋದ ವರ್ಷದ ನನ್ನ ಪಜೀತಿ ನಿನಗೆ ಪೂರ್ತಿ ಗೊತ್ತಿಲ್ಲ. ನೀನು ಪುಣೆಯಲ್ಲಿ ಕೂತು ಫೋಟೋ ನೋಡಿದವನು. 35 ಮಂದಿಗೆ 12 ಕೆಜಿ ಕೋಳಿ ತಂದಿದ್ದೆ. ಮದುವೆ ಊಟದ ಲೆಕ್ಕ: ತಲೆಗೆ ಇಷ್ಟು, ಮೇಲೆ ಸ್ವಲ್ಪ, ಕಡಿಮೆ ಬಿದ್ದರೆ ಮರ್ಯಾದೆ ಹೋಗುತ್ತೆ ಅಂತ ಇನ್ನೂ ಸ್ವಲ್ಪ. ಒಲೆ ಅಂತ ಕಟ್ಟಿದ್ದು ಇಟ್ಟಿಗೆಯ ಒಂದೇ ಸಾಲು. ಅದರ ಮೇಲೆ ಒಂದು ಸಲಕ್ಕೆ ಎಂಟು ಸಲಾಕೆ ಕೂರುತ್ತಿದ್ದವು. ಸಲಾಕೆಗೆ ಆರು ತುಂಡು, ಹತ್ತಿರ ಹತ್ತಿರ 120 ಗ್ರಾಂ. ಎಂಟೂ ಸೇರಿ ಒಂದು ಕೆಜಿ ಆಗಲಿಲ್ಲ. ಒಂದು ಸುತ್ತು ಬೇಯುವುದಕ್ಕೆ 20 ನಿಮಿಷ. ತಾಸಿಗೆ ಮೂರು ಕೆಜಿ. 12 ಕೆಜಿಗೆ ನಾಲ್ಕು ತಾಸು! ಈ ಮೂರನೇ ಕ್ಲಾಸಿನ ಲೆಕ್ಕ ನನಗೆ ಹೊಳೆದದ್ದು ರಾತ್ರಿ ಒಂಬತ್ತಕ್ಕೆ, ಬೀಸಣಿಗೆ ಹಿಡಿದು ಹೊಗೆ ಕುಡಿಯುತ್ತಾ ಕೂತಾಗ.

ಅಷ್ಟರಲ್ಲಿ ಬಂದವರು ಸುಮ್ನೆ ಕೂತಿರ್ತಾರಾ? ಕಲಬುರಗಿಯಿಂದ ಕಟ್ಟಿಸಿಕೊಂಡು ಹೋಗಿದ್ದ ಸುಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಭಜಿ ಎರಡೂ ಖಾಲಿ ಮಾಡಿದರು. ಹೊಟ್ಟೆ ತುಂಬಿದ ಮೇಲೆ ಕಬಾಬ್ ಯಾರಿಗೆ ಬೇಕು? ಮೂವರಂತೂ ಒಂದು ತುಂಡೂ ಮುಟ್ಟದೆ ಗಾಡಿ ಹತ್ತಿದರು. ನಾಲ್ಕೂವರೆ ಕೆಜಿ ಉಳಿಯಿತು. ಪಪ್ಪಾಯಿ ಕಾಯಿ ಅರೆದು ಹಚ್ಚಿದ್ದೆನಲ್ಲ, ಬೆಳಿಗ್ಗೆ ಡಬ್ಬಿ ತೆರೆದರೆ ತುಂಡಿಗೂ ಮಸಾಲೆಗೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಚಮಚದಲ್ಲಿ ಎತ್ತಿದರೆ ಹಿಟ್ಟಿನ ಹಾಗೆ ಜಾರಿತು. ಅದಕ್ಕೇ ಪಪ್ಪಾಯಿ ಬೇಕಾದರೆ ಕೆಜಿಗೆ ಒಂದು ಚಮಚ ಸಾಕು, ಅದೂ ಖೀಮಾಗೆ ಮಾತ್ರ, ಎರಡು ತಾಸು ಮುಂಚೆ. ಕೋಳಿಗೆ ಮೊಸರು, ನಿಂಬೆ ಸಾಕು.

ಅಂದರೆ ನಾನು ಹೇಳುವುದು ಇಷ್ಟೇ. ಮೊದಲು ಹೊಟ್ಟೆ ಎಣಿಸಬೇಡ, ಒಲೆ ಎಣಿಸು. ಒಲೆ ಒಂದು ತಾಸಿಗೆ ಎಷ್ಟು ಕೊಡುತ್ತೆ ಅನ್ನುವುದರ ಮೇಲೆ ಮಾಂಸ ತಗೋ.

ಈ ಸಲ ಇಟ್ಟಿಗೆಯ ಎರಡು ಸಾಲು ಮಾಡೋಣ, ಒಂದೊಂದಕ್ಕೆ ಹತ್ತು ಸಲಾಕೆ. ಒಂದು ಸುತ್ತಿಗೆ 2.4 ಕೆಜಿ, ಮೂರು ಸುತ್ತಿಗೆ 7 ಕೆಜಿ. ಈಗ ಮಂದಿಗೆ ಬಾ. ನಿನ್ನ ಪಟ್ಟಿಯಲ್ಲಿ ಮಾಂಸ ತಿನ್ನುವ ದೊಡ್ಡವರು 25, ಮಕ್ಕಳು 6, ತಿನ್ನದವರು 9. ದೊಡ್ಡವರಿಗೆ ಎಲುಬಿಲ್ಲದ ಹಸಿ ಮಾಂಸ 240 ಗ್ರಾಂ ಹಿಡಿದಿದ್ದೇನೆ. ಬೆಂದ ಮೇಲೆ ಕಾಲು ಭಾಗ ಇಳಿಯುತ್ತೆ, ಕೈಗೆ ಬರುವುದು 180. ಜೊತೆಗೆ ರೊಟ್ಟಿ ಇರುತ್ತೆ, ಸಾಕು. ಮಕ್ಕಳಿಗೆ ಎಲ್ಲಾ ಸೇರಿ ಅರ್ಧ ಕೆಜಿ, ಅವರು ಆಡುತ್ತಾ ತಿನ್ನುವವರು. ಒಟ್ಟು ಆರೂವರೆ ಕೆಜಿ: ನಾಲ್ಕು ಕೆಜಿ ಕೋಳಿ, ಎರಡೂವರೆ ಕೆಜಿ ಮಟನ್ ಖೀಮಾ. ಖೀಮಾದಲ್ಲಿ ಕೊಬ್ಬು ಬಿಡಿಸಬೇಡ ಅಂತ ಅಂಗಡಿಯವನಿಗೆ ಮೊದಲೇ ಹೇಳು, ಕೊಬ್ಬಿಲ್ಲದಿದ್ದರೆ ಕಬಾಬ್ ಒಣಗುತ್ತೆ. ಯಾರಾದರೂ ಕಾಲಿನ ಪೀಸೇ ಬೇಕು ಅಂತ ಹಟ ಮಾಡಿದರೆ ಲೆಕ್ಕ ಬದಲಾಗುತ್ತೆ, ಎಲುಬು ಸಮೇತ ತಲೆಗೆ 350 ಗ್ರಾಂ. ಬೇಯುವುದೂ ತಡ.

ಇದ್ದಲಿನಲ್ಲಿ ಮಾತ್ರ ಜಿಪುಣತನ ಬೇಡ. ಒಂದು ಸಾಲಿಗೆ ಶುರುವಿಗೆ 4 ಕೆಜಿ, ಒಂದು ತಾಸಾದ ಮೇಲೆ ಇನ್ನೂ 2 ಕೆಜಿ. ಎರಡು ಸಾಲಿಗೆ 12 ಆಯಿತು. 15 ಕೆಜಿ ತಗೋ, ನಿನ್ನ ಆ 15 ಇಲ್ಲಿ ಕೆಲಸಕ್ಕೆ ಬಂತು ನೋಡು. ಜಾಲಿ ಇದ್ದಲು ಸಿಕ್ಕರೆ ಒಳ್ಳೆಯದು, ಗಟ್ಟಿ ಇರುತ್ತೆ, ಬೇಗ ಬೂದಿಯಾಗಲ್ಲ. ಹೊತ್ತಿಸುವುದಕ್ಕೆ ಸೀಮೆಎಣ್ಣೆ ಪೆಟ್ರೋಲು ಮುಟ್ಟಬೇಡ. ನಿಮ್ಮ ಬದುವಿನಲ್ಲೇ ತೊಗರಿ ಕಟಿಗೆ ಬಿದ್ದಿರುತ್ತೆ, ಎರಡು ಹೊರೆ ಸಾಕು. ಕೆಂಡದ ಮೇಲೆ ಬಿಳಿ ಬೂದಿ ಕಟ್ಟುವವರೆಗೆ, ಅಂದರೆ ಅರ್ಧ ಮುಕ್ಕಾಲು ತಾಸು, ಸಲಾಕೆ ಇಡಬಾರದು. ಈ ದಿನಗಳಲ್ಲಿ ಆರಕ್ಕೆಲ್ಲ ಕತ್ತಲು. ನಾಲ್ಕೂವರೆಗೆ ಬೆಂಕಿ ಹಚ್ಚಿದರೆ ಬೆಳಕಿನಲ್ಲೇ ಮೊದಲ ಸುತ್ತು ಇಳಿಯುತ್ತೆ.

ಇನ್ನೊಂದು. ಒಲೆ ಕೆಳಗೆ ಶಹಾಬಾದಿ ಫರ್ಸಿ (ಹಾಸುಗಲ್ಲು) ಹಾಕಬೇಡ. ನೆಲ ಸಮ ಇರಲಿ ಅಂತ ನಾನೇ ಜಾಣತನ ಮಾಡಿ ಹಾಸಿದ್ದೆ. ಇಬ್ಬನಿಯಲ್ಲಿ ನೆನೆದ ಕಲ್ಲು, ಪದರು ಪದರಿನದು, ಒಳಗಿನ ನೀರು ಕಾದು ಆವಿಯಾದರೆ ಎಲ್ಲಿಗೆ ಹೋಗಬೇಕು? ಪಟಾಕಿ ಹೊಡೆದ ಹಾಗೆ ಢಬ್ ಅಂತು. ಒಂದು ಚೂರು ಹಾರಿ ನನ್ನ ಚಪ್ಪಲಿ ಪಕ್ಕ ಬಿತ್ತು. ಮಕ್ಕಳು ಆ ಕಡೆ ಜೋಕಾಲಿ ಆಡುತ್ತಿದ್ದರು, ಪುಣ್ಯ. ಬರೀ ಮಣ್ಣಿನ ಮೇಲೆ ಇಟ್ಟಿಗೆ ಇಡು.

ಮಾಂಸ ತಿನ್ನದ ಒಂಬತ್ತು ಮಂದಿಗೆ "ಪನೀರ್ ಹಾಕೋಣ" ಅಂದಿದ್ದೀಯ. ಹಾಕು, ಒಂದು ಕೆಜಿ. ಆದರೆ ಅದೇ ಕೆಂಡ, ಅದೇ ಸಲಾಕೆ ಅಂದರೆ ಅರ್ಧ ಮಂದಿ ಮುಟ್ಟಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. ಅವರಿಗೆ ಬೇರೆ ಬೆಂಕಿ ಬೇಕು. ಬೇರೆ ಬೆಂಕಿ ಹಾಕುವುದೇ ಆದರೆ ಸೀತನಿ ಸುಡೋಣ ಅಲ್ವಾ? ಎಳೆ ಜೋಳ ಹಾಲುಗಟ್ಟುವ ಹೊತ್ತು ಇದೇ. ಸಣ್ಣ ಗುಂಡಿ, ಕುಳ್ಳಿನ (ಬೆರಣಿಯ) ಕೆಂಡ, ತೆನೆ ಹೂತು ತೆಗೆದು ಕಂಬಳಿ ಮೇಲೆ ತಿಕ್ಕಿ ಮೊರದಲ್ಲಿ ಕೇರಿದರೆ ಆಯಿತು. ತಲೆಗೆ ಮೂರು ತೆನೆ ಹಿಡಿ, 120. ಒಂಬತ್ತು ಮಂದಿಗಲ್ಲ, ನಲವತ್ತಕ್ಕೂ. ಕಬಾಬ್ ತಿನ್ನುವವರೇ ಮೊದಲು ಅಲ್ಲಿ ಕೈ ಒಡ್ಡುವುದು ನಾನು ಬಲ್ಲೆ. ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಒಂದು ಕೆಜಿ, ಬೆಲ್ಲ, ಕೊಬ್ಬರಿ.

ಉಳಿದದ್ದು ಸಣ್ಣದು. ಕಡಕ್ ರೊಟ್ಟಿ 90, ಮಿಕ್ಕರೂ ಕೆಡಲ್ಲ. ಉಳ್ಳಾಗಡ್ಡಿ ಮೂರು ಕೆಜಿ, ನಿಂಬೆಹಣ್ಣು 30, ಮಸಾಲೆಗೆ ಮೊಸರು ಒಂದು ಕೆಜಿ, ಮಜ್ಜಿಗೆಗೆ ಬೇರೆ. ಕುಡಿಯುವ ನೀರಿಗೆ 20 ಲೀಟರಿನ ನಾಲ್ಕು ಕ್ಯಾನು, ಕೈ ತೊಳೆಯುವುದಕ್ಕೆ ಬೋರ್ ಇದೆ. ಚಳಿಗಾಲ ಅಂತ ಮಾಂಸ ಬಿಸಿಲಿಗೆ ಇಡಬೇಡ, 5 ಕೆಜಿ ಐಸ್ ತಂದು ಡಬ್ಬಿ ಸುತ್ತ ಹಾಕು. ಸುಸಲಾ ಎರಡೇ ಪೊಟ್ಟಣ, ಮಿರ್ಚಿ ಬೇಡವೇ ಬೇಡ.

ದಿನ ಮಾತ್ರ ಬದಲಿಸು. ಎಳ್ಳ ಅಮಾವಾಸ್ಯೆ ರಜೆ ಇದೆ ಅಂತ ಅವತ್ತೇ ಇಟ್ಟುಕೊಂಡಿದ್ದೀಯ. ಅವತ್ತು ಹೊಲದಲ್ಲಿ ಚರಗ ಚೆಲ್ಲುತ್ತಾರೆ (ಭೂಮಿತಾಯಿಗೆ ಎಡೆ), ಭಜ್ಜಿ (ಕಾಳು ಸೊಪ್ಪಿನ ಪಲ್ಯ) ಕಡಬಿನ ದಿನ, ನಿಮ್ಮ ಅವ್ವ ಕೋಳಿ ಡಬ್ಬಿ ನೋಡಿದರೆ ನಿನ್ನನ್ನೇ ಸಲಾಕೆಗೆ ಚುಚ್ಚುತ್ತಾರೆ. ಅದರ ಮುಂದಿನ ಭಾನುವಾರ ಇಡು. ಆದರೂ ಒಂದು ಮಾತು ಅವರನ್ನು ಕೇಳು, ಹೊಲದಲ್ಲಿ ಮಾಂಸ ಬೇಯಿಸಬಹುದಾ ಅಂತ. ಬೇಡ ಅಂದರೆ ನಮ್ಮ ಮನೆ ಮಾಳಿಗೆ ಇದೆ.

ಮತ್ತೆ ಕಮಲಾಪುರದ ಕೆಂಪು ಬಾಳೆಹಣ್ಣು ಎರಡು ಡಜನ್ ಹಿಡಿದಿಡು. ಕೊನೆಗೆ ಕೆಂಡ ಆರುವಾಗ ಸಿಪ್ಪೆ ಸಮೇತ ಇಟ್ಟು ನೋಡಬೇಕು ಅಂತಿದ್ದೇನೆ. ನಾನು ಇನ್ನೂ ಮಾಡಿ ನೋಡಿಲ್ಲ. ಕೆಟ್ಟರೆ ಎಮ್ಮೆಗೆ ಹಾಕೋಣ.

ಗುರುವಾರದೊಳಗೆ ಎಷ್ಟು ಮಂದಿ ಪಕ್ಕಾ ಅಂತ ತಿಳಿಸು. ಸಲಾಕೆ ನನ್ನ ಹತ್ತಿರ 14 ಇವೆ, ಆರು ಕಡಿಮೆ.

ನಿನ್ನ
ಹೊಗೆ ಕುಡಿದ ಗೆಳೆಯ