ಗ್ಲಾಸು ಯಾರ ಕೈಗೆ ಹೋಯಿತು?

ಮಾನ್ಯ ಸಂಪಾದಕರೇ,

ರೆಸಾರ್ಟ್, ತೋಟದ ಮನೆಗಳಲ್ಲಿ ನಡೆಯುವ ಆರತಕ್ಷತೆಯಲ್ಲಿ ಮದ್ಯ ಕೊಡಲು ಅಬಕಾರಿ ಇಲಾಖೆಯಿಂದ ಸಾಂದರ್ಭಿಕ ಸನ್ನದು (ಆ ಕಾರ್ಯಕ್ರಮಕ್ಕಷ್ಟೇ ಸಿಗುವ ಪರವಾನಗಿ) ಪಡೆದರೆ ಜವಾಬ್ದಾರಿ ಮುಗಿಯಿತೆಂದು ಹಲವರು ತಿಳಿದಿದ್ದಾರೆ. ಕೌಂಟರಿನಲ್ಲಿ ವಯಸ್ಸು ಕೇಳಿ ಕೊಟ್ಟ ಗ್ಲಾಸು ಹತ್ತು ಹೆಜ್ಜೆ ಆಚೆ ಯಾರ ಕೈಗೆ ದಾಟಿತೆಂದು ನೋಡುವವರು ಮಾತ್ರ ಇರುವುದಿಲ್ಲ. ಎಡವಟ್ಟಾಗುವುದು ಅಲ್ಲೇ.

ಪ್ರವೇಶದಲ್ಲೇ ವಯಸ್ಸು ನೋಡಿ, ಕುಡಿಯುವ ವಯಸ್ಸಾದವರಿಗೆ ಮಾತ್ರ, ಬಿಚ್ಚಿದರೆ ಹರಿಯುವಂಥ ಕೈಪಟ್ಟಿಯನ್ನು ಸಿಬ್ಬಂದಿಯೇ ಕಟ್ಟಬೇಕು. ಒಂದು ಬೆರಳು ತೂರುವಷ್ಟೇ ಸಡಿಲವಿರಲಿ. ಹೆಚ್ಚಾದರೆ ಜಾರಿಸಿ ಇನ್ನೊಬ್ಬರಿಗೆ ಕೊಡುತ್ತಾರೆ. ಮೊಬೈಲಿನಲ್ಲಿ ತೋರಿಸುವ ಗುರುತಿನ ಚೀಟಿಯ ಫೋಟೊ ನಂಬಬಾರದು, ತಿದ್ದುವುದು ಸುಲಭ. ಸರ್ಕಾರಿ ದಾಖಲೆಗಳ ಆ್ಯಪ್ ಆದ ಡಿಜಿಲಾಕರ್ ಅನ್ನು ಎದುರಿಗೇ ತೆರೆಸಿ ನೋಡಿ. ಅಬಕಾರಿ ನಿಯಮ 21 ವರ್ಷ ಎನ್ನುತ್ತದೆ. ಕಾಯ್ದೆಯಲ್ಲಿ 18 ಎಂದಿದೆ ಎಂದು ವಾದಿಸುವವರು ಸಿಗುತ್ತಾರೆ. 21 ಅನ್ನೇ ಹಿಡಿಯುವುದು ಕ್ಷೇಮ. 18 ತುಂಬದವರಿಗೆ ಮದ್ಯ ಕೊಟ್ಟವರಿಗಂತೂ, ಅದು ಸ್ವಂತ ಮಾವನೇ ಆಗಿರಲಿ, ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಒಂದು ಕೈಪಟ್ಟಿಗೆ ಒಂದು ಸಲಕ್ಕೆ ಒಂದೇ ಗ್ಲಾಸು. ಮದ್ಯಕ್ಕೆ ಗಾಜಿನ ಲೋಟ, ಜ್ಯೂಸು–ಕೋಲಾಗೆ ಬಣ್ಣದ ಪೇಪರ್ ಕಪ್ ಇಟ್ಟರೆ ದೂರದಿಂದಲೇ ಗೊತ್ತಾಗುತ್ತದೆ. ಕೋಲಾ ಬಾಟಲಿಯಲ್ಲಿ ರಮ್ ಬೆರೆಸಿ ಮೇಜಿನ ಮೇಲೆ ಇಡಲು ಯಾರಿಗೂ ಬಿಡಬೇಡಿ. ‘ಬಿಯರ್ ತಾನೇ’ ಎಂಬ ಮಾತೂ ತಪ್ಪು: ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯೊಂದರಲ್ಲಿ 30 ಮಿ.ಲೀ.ನ ನಾಲ್ಕು ಪೆಗ್ ವಿಸ್ಕಿಯಷ್ಟು ಮದ್ಯಸಾರವಿರುತ್ತದೆ.

ಎಲ್ಲಕ್ಕಿಂತ ಅಪಾಯ, ಅರ್ಧ ಕುಡಿದು ಬಿಟ್ಟ ಗ್ಲಾಸು. ಊಟಕ್ಕೆ ಕರೆದಾಗ ದೊಡ್ಡವರು ಎದ್ದು ಹೋಗುತ್ತಾರೆ, ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ. ಆ ಹೊತ್ತಿಗೆ ಮೇಜು ತೆರವು ಮಾಡಲೆಂದೇ ಆಳಿರಬೇಕು. ಪುಟ್ಟ ಮಕ್ಕಳು ಸ್ವಲ್ಪ ಕುಡಿದರೂ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು. ಮಜ್ಜಿಗೆ, ನಿಂಬೆರಸ ಎಂದು ಹೊತ್ತು ಕಳೆಯಬೇಡಿ, ವಾಂತಿ ಮಾಡಿಸಬೇಡಿ. ಮಂಪರಿದ್ದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಬಡಿಸುವ ಹುಡುಗ ಮದುವೆ ಮನೆಯ ಹಿರಿಯರಿಗೆ ‘ಇಲ್ಲ’ ಎನ್ನಲಾರ. ಆದ್ದರಿಂದ ಇಲ್ಲವೆನ್ನುವ ಅಧಿಕಾರವುಳ್ಳ, ಅಂದು ಕುಡಿಯದ ಒಬ್ಬರನ್ನು ಮನೆಯವರೇ ಗೊತ್ತುಮಾಡಬೇಕು. ರೆಸಾರ್ಟಿನವರು ಅವರ ಹೆಸರು, ಫೋನ್ ನಂಬರನ್ನು ಬುಕಿಂಗ್ ಪತ್ರದಲ್ಲೇ ಬರೆಸಿಕೊಳ್ಳಲಿ. ಅದಿಲ್ಲದೆ ಕೌಂಟರ್ ತೆರೆಯುವುದು ಬೇಡ.

– ಕೆಲವು ಕಾರ್ಯಕ್ರಮ ಆಯೋಜಕರು, ಮೈಸೂರು